ಗೊರವ ಹಕ್ಕಿಯ ಮನೆ

ಚಿಪ್ಪು ಬೇಯುವ ವಾಸನೆ ಬಂದರೆ ಈಗಲೂ ಹೆಮ್ಮಾಡಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಜ್ಜಿ ಹೊಳೆಯಿಂದ ಆಯ್ದು ತಂದ ಚಿಪ್ಪು ಬೇಯಿಸಿ, ಒಳಗಿನ ಮಾಂಸ ಬಿಡಿಸುತ್ತಿದ್ದಳು. ಶಾಲೆಯಲ್ಲಿ ಕೊಟ್ಟ ಕತೆಪುಸ್ತಕವನ್ನು ನಾನು ಓದಿ ಹೇಳುತ್ತಿದ್ದೆ. ನಮ್ಮ ಹೊಳೆಯ ಕೆಸರಿನಲ್ಲಿ ಹುಳ ಹೆಕ್ಕುವ ಗೊರವ ಹಕ್ಕಿಯ ಮನೆ ದೂರದ ಹಿಮದ ನಾಡಿನಲ್ಲಿದೆ ಎಂದು ಅದರಲ್ಲಿತ್ತು.

ಅಜ್ಜಿಗೆ ಸಿಟ್ಟು ಬಂತು. "ಎಂತ ಹೆಣ್ಣೇ ಇದ್! ಎಂಟ್ ತಿಂಗ್ಳ್ ತಿಂಬುದ್ ನಮ್ ಹೊಳಿಯಗೆ, ಮನಿ ಮಾತ್ರ ಅಲ್ಲಿಯಾ?"

"ಅದ್ ಮರಿ ಮಾಡುದ್ ಅಲ್ಲೇ ಅಜ್ಜಿ," ಎಂದು ಮುಂದಿನ ಸಾಲು ಓದಿದೆ: "ಮರಿ ಇರುವಲ್ಲೇ ಹಕ್ಕಿಯ ಮನೆ."

ಅವಳ ಕೈ ನಿಂತಿತು. ಬೊಂಬಾಯಿಯ ಹೋಟೆಲಿನಲ್ಲಿದ್ದ ನನ್ನ ಅಪ್ಪಯ್ಯ ಊರಿಗೆ ಬಾರದೆ ಎರಡು ವರ್ಷವಾಗಿತ್ತು. ಅಜ್ಜಿ ನನ್ನನ್ನೇ ನೋಡಿದಳು.

"ಆ ಸಾಲ್ ಇನ್ನೊಂದ್ಸಲ ಓದ್."

ಚಿಪ್ಪು ಮುಗಿಯುವವರೆಗೂ ಅದನ್ನೇ ಓದಿಸಿದಳು.