ನಾಲ್ಕು ಸಾವಿರ ಗುಳ್ಳೆ

ರಕ್ತನಾಳಕ್ಕೆ ಔಷಧಿ ಹರಿಸುವ ಆ ಪಂಪು, ಕೊಳವೆಯಲ್ಲಿ ಗಾಳಿಗುಳ್ಳೆ ಕಂಡೊಡನೆ ನಿಲ್ಲಬೇಕು. ನಿಲ್ಲದಿದ್ದರೆ ರೋಗಿಯ ಜೀವಕ್ಕೇ ಸಂಚಕಾರ. ಅದಕ್ಕೇ ವಾರಿಜಾ ಪಂಪನ್ನು ಬಿಸಿಪೆಟ್ಟಿಗೆಯೊಳಗಿಟ್ಟು, ಬಾಗಿಲು ಮುಚ್ಚಿ, ಕಂಪ್ಯೂಟರಿನಿಂದ ಸುಳ್ಳು ಗುಳ್ಳೆಗಳನ್ನು ಕಳಿಸಿ ಪರೀಕ್ಷಿಸುತ್ತಿದ್ದಳು. ಪಂಪು ಇನ್ನೂ ಕೈಗೆ ಬಾರದಿದ್ದ ದಿನಗಳಲ್ಲಿ ಕೆಲಸ ನಿಲ್ಲದಿರಲೆಂದು, ಪಂಪು ಸಿಗದಾಗ ಅದರ ಪರವಾಗಿ ತಾನೇ ಉತ್ತರಿಸುವುದನ್ನೂ ಕಂಪ್ಯೂಟರಿಗೆ ಕಲಿಸಿದ್ದಳು.

ಸೋಮವಾರದಿಂದ ಮೂರು ದಿನ, ನಾಲ್ಕು ಸಾವಿರ ಗುಳ್ಳೆ. ಪರದೆಯ ತುಂಬ ಹಸಿರೇ ಹಸಿರು.

"ಸಹಿ ಹಾಕಿಬಿಡಮ್ಮ, ಆಸ್ಪತ್ರೆಯವರು ಕಾಯ್ತಿದಾರೆ," ಎಂದರು ಮ್ಯಾನೇಜರ್.

"ಒಂದ್ಸಲಾನೂ ತಪ್ಪಿಲ್ಲ ಸರ್. ಹೋದ ವಾರ ದಿನಕ್ಕೆ ಹತ್ತು ಸಲ ತಪ್ತಿತ್ತು. ಅದಕ್ಕೇ ಸಮಾಧಾನ ಇಲ್ಲ."

"ಫೇಲಾದ್ರೂ ಗೋಳು, ಪಾಸಾದ್ರೂ ಗೋಳು! ಸರಿಮಾಡಿದ್ದು ನೀನೇ ತಾನೆ?"

ಹೌದು, ತಿದ್ದಿದ್ದು ಅವಳೇ. ಉಗುರು ಕಚ್ಚಿದಳು, ಕುರ್ಚಿ ಬಿಟ್ಟೆದ್ದಳು, ಮತ್ತೆ ಕೂತಳು. ಕಡೆಗೆ ಸಹಿ ಹಾಕಿಬಿಟ್ಟಳು. ಪಂಪುಗಳನ್ನು ಹೊತ್ತ ಲಾರಿ ಗೇಟು ದಾಟಿತು.

ಅಷ್ಟರಲ್ಲಿ ಮಾರಾಟ ವಿಭಾಗದ ಜಯತೀರ್ಥ ಬ್ಯಾಗು ಹಿಡಿದು ಬಂದ.

"ಸಾರಿ ಮೇಡಂ, ಡಾಕ್ಟರುಗಳಿಗೆ ತೋರ್ಸೋಣ ಅಂತ ಸೋಮವಾರ ಬೆಳಿಗ್ಗೆ ನಿಮ್ಮ ಪೆಟ್ಟಿಗೆಯಿಂದ ತಗೊಂಡು ಹೋಗಿದ್ದೆ," ಎನ್ನುತ್ತ ಪಂಪನ್ನು ಅವಳ ಮೇಜಿನ ಮೇಲಿಟ್ಟ.