ಮೇಲಿನ ಬೋಲ್ಟು

ನಾಳೆ ಕಾರು ಕೊಟ್ಟರಷ್ಟೇ ನಿಶ್ಚಿತಾರ್ಥ ಎಂದಿದ್ದರು ಗಂಡಿನ ಕಡೆಯವರು. ಲಕ್ಷ ಕಿಲೋಮೀಟರ್ ಓಡಿದ ಕಾರು, ಗೇರ್ ಬಿಗಿಯಾಗಿತ್ತು. ಗೇರ್ ಆಯಿಲ್ ತಾನೇ ಬದಲಿಸುತ್ತೇನೆಂದು ಹುಡುಗಿಯ ಅಪ್ಪ ಕಾರಿನಡಿ ತೂರಿದ. ಈ ಮದುವೆ ಬೇಡವೆಂದು ಅಳುತ್ತಿದ್ದ ಮಗಳ ಕಡೆ ತಿರುಗಿಯೂ ನೋಡಲಿಲ್ಲ.

"ರೀ, ಮೊದಲು ಮೇಲಿನ ಬೋಲ್ಟು ಬಿಚ್ಚಿ. ಹೊಸ ಆಯಿಲ್ ಹಾಕೋದು ಅಲ್ಲಿಂದಲೇ. ಅದು ಬರಲಿಲ್ಲ ಅಂದ್ರೆ ಹಳೇ ಆಯಿಲೇ ಇರಲಿ, ಕಾರು ಹೇಗೋ ಓಡುತ್ತೆ," ಎಂದಳು ಹೆಂಡತಿ.

"ನೀನು ನನಗೆ ಕಲಿಸ್ತೀಯಾ? ಹೋಗಿ ಒಲೆ ಮುಂದೆ ನಿಲ್ಲು!"

ಅವನು ಕೆಳಗಿನ ಬೋಲ್ಟನ್ನೇ ಬಿಚ್ಚಿದ. ಕಪ್ಪು ಎಣ್ಣೆಯೆಲ್ಲ ಬಾಂಡ್ಲಿಗೆ ಸುರಿಯಿತು.

ಮೇಲಿನದು ಮಾತ್ರ ಅಲುಗಲಿಲ್ಲ. ಸ್ಪ್ಯಾನರ್ ಜಾರಿದಷ್ಟೂ ಅವನ ಬೈಗುಳ ಏರಿತು. ಸಂಜೆ, ಗೇರ್ ಆಯಿಲ್ ಇಲ್ಲದೆ ಕಾರು ಕದಲುವುದಿಲ್ಲವೆಂದು ಗಂಡಿನವರಿಗೆ ಫೋನ್ ಮಾಡಿದ.

"ಈ ಸಲವೂ ಸಬೂಬೇ? ನಿಮ್ಮ ಸಂಬಂಧವೇ ಬೇಡ," ಎಂದು ಅವರು ಫೋನ್ ಇಟ್ಟರು.

ಮಗಳು ಅಡುಗೆಮನೆಗೆ ಬಂದು ಪಿಸುಗುಟ್ಟಿದಳು. "ಅಮ್ಮಾ, ಬೆಳಿಗ್ಗೆ ಆ ಬೋಲ್ಟನ್ನ ಅರದಿಂದ ಉಜ್ಜಿ ಗುಂಡಗೆ ಮಾಡಿದ್ದು ನೀನೇ ಅಲ್ವಾ? ಮತ್ತೆ ಅದನ್ನೇ ಮೊದಲು ಬಿಚ್ಚಿ ಅಂತ ಯಾಕೆ ಹೇಳಿದೆ?"

"ಹೇಳದಿದ್ದರೆ ಅದನ್ನೇ ಮೊದಲು ಬಿಚ್ಚಲು ಹೋಗುತ್ತಿದ್ದರು."