ಕೊಟ್ಟ ಪದಾತಿ

ಎರಡನೇ ನಡೆಯಲ್ಲೇ ಮಾರಿಯಪ್ಪ ಪದಾತಿಯೊಂದನ್ನು ಎದುರಾಳಿಯ ಬಾಯಿಗೆ ತಳ್ಳಿದ.

“ಅಣ್ಣಾ, ಸುಮ್ಕೆ ಕೊಡ್ತಿದೀಯಾ?” ಬಸಪ್ಪನಿಗೆ ಅನುಮಾನ.

“ತಕ್ಕಳ್ಲಾ. ಕೊಡಾಕೇ ಬಂದಿರಾದು.”

ಸುತ್ತ ನಿಂತವರು ನಕ್ಕರು. ಬಸಪ್ಪ ಪದಾತಿಯನ್ನು ಹೊಡೆದ. “ಗ್ಯಾಂಬಿಟ್!” ಎಂದು ಯಾರೋ ಪಿಸುಗುಟ್ಟಿದರು, ಒಂದು ಕಾಯಿಯ ಆಸೆ ತೋರಿಸಿ ರಾಜ್ಯವನ್ನೇ ಕಸಿಯುವ ಆಟ.

ಸೇಲಂ, 1973, ಚದುರಂಗ ಪಂದ್ಯಾವಳಿಯ ಫೈನಲ್. ಮಾರಿಯಪ್ಪ ಶಂಕಗಿರಿಯ ಲಾರಿ ಆಫೀಸಿನ ಗುಮಾಸ್ತ. ಬಸಪ್ಪ ಓಮಲೂರು ಬಸ್ಸಿನ ಕಂಡಕ್ಟರ್. ಬಹುಮಾನದ ಕಪ್‌ನ ಚಿಂತೆ ಇಬ್ಬರಿಗೂ ಇರಲಿಲ್ಲ. ಗೆದ್ದವನಿಗೆ ಚೆಲ್ಲಮ್ಮ. ಇಬ್ಬರಿಗೂ ಇಲ್ಲವೆನ್ನಲಾರದೆ ಅವಳಪ್ಪ ನಾರಪ್ಪ ಹಟ್ಟಿಯವರ ಮುಂದೆ ಹಾಗೆಂದು ಮಾತು ಕೊಟ್ಟಿದ್ದ. ಅವನ ಅಜ್ಜ ಇಂಥದ್ದೇ ತಕರಾರನ್ನು ಟಗರು ಕಾದಿಸಿ ತೀರಿಸಿದ್ದನಂತೆ. ಮೊಮ್ಮಗನಿಗೆ ಮರದ ಕುದುರೆ ಸಾಕಾಯಿತು.

ಮಾರಿಯಪ್ಪ ಅವಳ ಸೋದರಮಾವ. ಮೊದಲ ಹಕ್ಕು ಅವನದು. ಮಾವನೇ ಹಕ್ಕು ಬಿಟ್ಟರೆ ಹುಡುಗಿಯಲ್ಲೇ ಏನೋ ಐಬಿದೆ ಎಂದು ಹಟ್ಟಿ ಆಡಿಕೊಳ್ಳುತ್ತದೆ. ಬಿಡುವಂತಿಲ್ಲ, ಸೆಣಸಲೇಬೇಕು.

ನಾರಪ್ಪ ಮುಂದಿನ ಬೆಂಚಿನಲ್ಲೇ ಕೂತಿದ್ದ. ಆಟ ಅವನಿಗೆ ತಿಳಿಯದು. ಕಳ್ಳಾಟ ಮಾತ್ರ ಮೂಸಿಯೇ ಹಿಡಿಯುತ್ತಾನೆ.

ಮಾರಿಯಪ್ಪ ಕುದುರೆ ಕೊಟ್ಟ. ಬಸಪ್ಪ ತಿಂದ. ಒಂಟೆ ಕೊಟ್ಟ, ಅದನ್ನೂ ತಿಂದ. ತಿನ್ನುವ ಭರದಲ್ಲಿ ಅವನ ರಾಜ ಒಂಟಿಯಾಗಿ ನಡುಬೀದಿಗೆ ಬಂದು ನಿಂತ. ಇತ್ತ ಪದಾತಿ ಹೋದ ಸಾಲಿನಲ್ಲಿ ಮಾರಿಯಪ್ಪನ ಆನೆಗೆ ಆ ರಾಜನವರೆಗೂ ನೇರ ದಾರಿ. ಅಡ್ಡಕ್ಕಿದ್ದದ್ದು ಮಾರಿಯಪ್ಪನದೇ ರಾಜ ಮಾತ್ರ.

“ಸಬಾಷ್ ಮಾಪ್ಪಿಳ್ಳೈ!” ಯಾರೋ ತಮಿಳಿನಲ್ಲಿ ಆಗಲೇ ಮದುಮಗನನ್ನಾಗಿ ಮಾಡಿಬಿಟ್ಟರು. ಮಾರಿಯಪ್ಪನ ಅಂಗಿ ಬೆವರಿಗೆ ಬೆನ್ನಿಗಂಟಿತು.

ದಿಕ್ಕುಗೆಟ್ಟ ಬಸಪ್ಪ ಮಂತ್ರಿಯಿಂದ ಚೆಕ್ ಕೊಟ್ಟ.

ಮಾರಿಯಪ್ಪನಿಗೆ ಉಳಿದದ್ದು ಒಂದೇ ನಡೆ: ರಾಜನನ್ನು ಪಕ್ಕದ ಮನೆಗೆ ಸರಿಸುವುದು. ಸರಿಸಿದರೆ ದಾರಿ ಬಿಚ್ಚಿ, ಆನೆಯೇ ಬಸಪ್ಪನ ರಾಜನನ್ನು ಮುಗಿಸುತ್ತದೆ. ಬೇರೆ ನಡೆ ಹುಡುಕಿದ. ಮತ್ತೆ ಹುಡುಕಿದ. ಗಡಿಯಾರ ಕುಟ್ಟುತ್ತಲೇ ಇತ್ತು.

“ಏನ್ಲಾ ಮಾರಿ, ಗೆಲುವು ಕಣ್ಮುಂದೇ ಐತೆ ಅಂತಾವ್ರೆ. ಇನ್ನೇನ್ ನೋಡ್ತಿದೀಯಾ?” ನಾರಪ್ಪ ಗದರಿದ.

“ಐತೆ ಬಾವ. ಅದನ್ನೇ ನೋಡ್ತಿವ್ನಿ.”

ರಾಜನನ್ನು ಸರಿಸಿದ. ಚಪ್ಪಾಳೆ ಬಿತ್ತು. ಬಸಪ್ಪ ಕಣ್ಣೊರೆಸಿಕೊಂಡು ಎದ್ದುಹೋದ. ನಾರಪ್ಪ ಹಾರ ಹಾಕಿದರೂ ಮಾರಿಯಪ್ಪ ಕೂತಲ್ಲಿಂದ ಏಳಲಿಲ್ಲ.

ಆ ದಿನ ಬೆಳಿಗ್ಗೆ ಅವನು ಪಂದ್ಯಕ್ಕೆಂದು ಬಸ್ಸು ಹತ್ತುವಾಗ ಚೆಲ್ಲಮ್ಮ ಅವನ ಎರಡೂ ಕೈ ಹಿಡಿದು ಹೇಳಿದ್ದು ಒಂದೇ ಮಾತು: “ಮಾಮಾ, ಎಂಗಾದ್ರೂ ಮಾಡಿ ಸೋತು ಬಾ.”